ಹೋಂಡಾ ಸಿಟಿ ವಿಟೆಕ್‌ಗೆ ಶೆಡ್‌ನಲ್ಲೇ ಮಾಡಿದ ಟರ್ಬೋ ಕಿಟ್: ಐದು ಜನ ಕೇಳ್ತಿದ್ದಾರೆ, ಕೊಡ್ಲಾ ಬೇಡ್ವಾ?

ಅಂತರಸನಹಳ್ಳಿ ಲೇತ್ (ತುಮಕೂರು)

ಎಲ್ರಿಗೂ ನಮಸ್ಕಾರ. ಉದ್ದ ಬರ್ದಿದೀನಿ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಇದಕ್ಕೆ ದುಡ್ಡು ಹಾಕೋದಾ ಬೇಡ್ವಾ ಅಂತ ಈ ತಿಂಗಳೇ ತೀರ್ಮಾನ ಆಗ್ಬೇಕು.

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಶೆಡ್. ಎರಡು ಲೇತು, ಒಂದು ರೇಡಿಯಲ್ ಡ್ರಿಲ್ಲು, ಒಂದು ಆರ್ಗಾನ್ ವೆಲ್ಡಿಂಗ್ ಸೆಟ್ಟು. ಹೊಟ್ಟೆಪಾಡಿಗೆ ಮಾಡೋದು ಅಕ್ಕಿ ಗಿರಣಿ ಶಾಫ್ಟು, ಬೋರ್‌ವೆಲ್ ಲಾರಿ ಬುಶ್ಶು, ಡೈರಿಗಳ ಸ್ಟೀಲ್ ಪೈಪ್ ಕೆಲ್ಸ. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ರು. ಮೈಕ್ರೋಮೀಟರ್ ಹಿಡಿಯೋದನ್ನ ನಾನು ಅವರ ಕೈ ನೋಡಿ ಕಲ್ತಿದ್ದು.

ನನ್ನ ಕಾರು 2002ರ ಸಿಟಿ 1.5 ವಿಟೆಕ್. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ನಮ್ಮಂಥೋರ ಕೈಗೆ ಸಿಗೋದಲ್ಲ. 106 ಎಚ್‌ಪಿ ಎಂಜಿನ್ನು, ಒಂದು ಟನ್ ಆಸುಪಾಸಿನ ತೂಕ, ಏಳು ಸಾವಿರ ಆರ್‌ಪಿಎಂ ತನಕ ಹಾಡ್ತಾ ಹೋಗೋ ಗಾಡಿ. ನಮ್ಮ ವಯಸ್ಸಿನವರಿಗೆ ಅದೇ ಸ್ಪೋರ್ಟ್ಸ್ ಕಾರು. ಅದಕ್ಕೆ ಟರ್ಬೋ (ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಹೆಚ್ಚು ಗಾಳಿ ತುರುಕೋ ಫ್ಯಾನು) ಕೂರಿಸ್ಬೇಕು ಅನ್ನೋದು ಕಾಲೇಜಿನ ದಿನದಿಂದ ಇದ್ದ ಆಸೆ.

ಮೊದಲ ಸಲ ಕೆಟ್ಟಿತು. ಗುಜರಿಯಲ್ಲಿ ಡೀಸೆಲ್ ಜೀಪಿನ ಟರ್ಬೋ 6,500ಕ್ಕೆ ಸಿಕ್ತು. ಶಾಫ್ಟ್ ಆಟ ಇರ್ಲಿಲ್ಲ, ಬ್ಲೇಡ್ ಚೆನ್ನಾಗಿತ್ತು. ಆರು ವಾರ ಓಡ್ತು. ಒಂದಿನ ಬಾನೆಟ್ ಎತ್ತಿ ನೋಡಿದ್ರೆ ಟರ್ಬೈನ್ ಹೌಸಿಂಗ್ ಮೇಲೆ ಕೂದಲೆಳೆಯಷ್ಟು ಬಿರುಕು, ವೇಸ್ಟ್‌ಗೇಟ್ (ಒತ್ತಡ ಮಿತಿ ಮೀರದ ಹಾಗೆ ಹೊಗೆಯನ್ನ ಪಕ್ಕಕ್ಕೆ ಬಿಡೋ ಬಾಗಿಲು) ತೂತಿಂದ ಬೋಲ್ಟ್ ಬಿಗಿಯೋ ಫ್ಲೇಂಜ್ ತನಕ. ಡೀಸೆಲ್ ಎಂಜಿನ್ ಹೊಗೆಗಿಂತ ಪೆಟ್ರೋಲ್ ಎಂಜಿನ್ ಹೊಗೆ ತುಂಬಾ ಬಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 900 ಡಿಗ್ರಿ ದಾಟುತ್ತೆ. ಆ ಎರಕ ಅಷ್ಟು ಕಾವಿಗೆ ಮಾಡಿದ್ದೇ ಅಲ್ಲ. ಆಮೇಲೆ ಪೆಟ್ರೋಲ್ ಕಾರಿಂದ ಬಿಚ್ಚಿದ ಟಿಡಿ04 ಟರ್ಬೋ 31,000 ಕೊಟ್ಟು ತಂದೆ. ಅದು ಇವತ್ತಿಗೂ ಸರಿಯಾಗಿದೆ.

ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮುಂದಕ್ಕೆ, ರೇಡಿಯೇಟರ್ ಕಡೆಗಿದೆ. ಟರ್ಬೋಗೂ ಫ್ಯಾನ್‌ಗೂ ಮಧ್ಯೆ ನನಗೆ ಸಿಕ್ಕಿದ್ದು 22 ಎಂಎಂ ಜಾಗ. ಮ್ಯಾನಿಫೋಲ್ಡ್ (ನಾಲ್ಕೂ ಸಿಲಿಂಡರಿನ ಹೊಗೆಯನ್ನ ಟರ್ಬೋಗೆ ತರೋ ಪೈಪುಗಳ ಗೊಂಚಲು) ಮೂರು ಸಲ ಕಡಿದು ಮೂರು ಸಲ ಕಟ್ಟಿದೆ.

ಕಿಟ್ ಅಂದ್ರೆ ಎಲ್ರೂ ಟರ್ಬೋ, ಇಂಟರ್‌ಕೂಲರ್ (ಟರ್ಬೋ ಒತ್ತಿದ ಬಿಸಿ ಗಾಳಿ ತಣಿಸೋದು) ಫೋಟೋ ಕೇಳ್ತಾರೆ. ನನ್ನನ್ನ ಗೋಳು ಹೊಯ್ಕೊಂಡಿದ್ದು ಗೇಣುದ್ದದ ಆಯಿಲ್ ರಿಟರ್ನ್ ಪೈಪು. ಟರ್ಬೋ ಒಳಕ್ಕೆ ಆಯಿಲ್ ಪಂಪಿನ ಪ್ರೆಷರ್‌ನಲ್ಲಿ ಹೋಗುತ್ತೆ. ವಾಪಸ್ ಬರೋದು ಮಾತ್ರ ತನ್ನ ಭಾರಕ್ಕೇ ಇಳ್ದು, ಅದೂ ಕಡೆದ ಮಜ್ಜಿಗೆ ಥರ ನೊರೆ ಕಟ್ಕೊಂಡು. ನಾನು ಮೊದಲು ಹಾಕಿದ್ದ ಪೈಪು ಒಳಗೆ 10 ಎಂಎಂ, ಮಧ್ಯದಲ್ಲಿ ಅಡ್ಡಡ್ಡ ಹೋಗ್ತಿತ್ತು. ದಾಬಸ್‌ಪೇಟೆಯಲ್ಲಿ ಟ್ರಾಫಿಕ್ಕಿಗೆ ನಿಂತಾಗ ಹಿಂದಿನ ಗಾಡಿಯೇ ಕಾಣದಷ್ಟು ನೀಲಿ ಹೊಗೆ. ನೋಡಿದವರೆಲ್ಲ ಟರ್ಬೋ ಸೀಲ್ ಹೋಗಿದೆ ಅಂದ್ರು. ಸೀಲ್‌ಗೆ ಏನೂ ಆಗಿರ್ಲಿಲ್ಲ, ಇಳಿಯೋಕೆ ದಾರಿ ಸಿಗದೆ ಆಯಿಲ್ ಟರ್ಬೈನ್ ಕಡೆ ನುಗ್ತಿತ್ತು. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ, ಆಯಿಲ್ ಮಟ್ಟಕ್ಕಿಂತ ಮೇಲೆ ಬುಶ್ ವೆಲ್ಡ್ ಮಾಡಿ, ಒಳಗೆ 16 ಎಂಎಂ ಇರೋ ಪೈಪನ್ನ ನೆಟ್ಟಗೆ ಕೆಳಕ್ಕೆ ಇಳಿಸಿದೆ. ಹೊಗೆ ಅವತ್ತೇ ನಿಂತೋಯ್ತು.

ಬೆಂಗಳೂರಲ್ಲಿ ಡೈನೋ (ಕಾರಿನ ಶಕ್ತಿ ಅಳೆಯೋ ಯಂತ್ರ) ಮೇಲೆ ಹಾಕ್ಸಿದೆ. ಮುಂಚೆ ಚಕ್ರದಲ್ಲಿ 88 ಎಚ್‌ಪಿ, ಈಗ 0.45 ಬಾರ್ ಬೂಸ್ಟ್‌ನಲ್ಲಿ (ಟರ್ಬೋ ಕೊಡೋ ಹೆಚ್ಚುವರಿ ಗಾಳಿ ಒತ್ತಡ) 134. ಇದಕ್ಕಿಂತ ಜಾಸ್ತಿಗೆ ನಾನು ಒಪ್ಪಲ್ಲ. ಒಳಗಿನ ಪಿಸ್ಟನ್ನು, ಕನೆಕ್ಟಿಂಗ್ ರಾಡು ಕಂಪನಿದೇ, ಅವಕ್ಕೆ 20 ವರ್ಷ ದಾಟಿದೆ.

ಫೋಟೋ ಹಾಕಿದ ವಾರದಲ್ಲೇ ಐದು ಜನ ಕಿಟ್ ಕೇಳಿದ್ರು. ಇಬ್ರು ತುಮಕೂರಿನವರೇ, ಒಬ್ರು ಹಾಸನ, ಒಬ್ರು ಮಂಗಳೂರು, ಒಬ್ರು ಚೆನ್ನೈ. ಖರ್ಚು ಹೀಗೆ: ಟರ್ಬೋ 31,000, ಮ್ಯಾನಿಫೋಲ್ಡ್ ಸಾಮಾನು 5,200, ಎಕ್ಸಾಸ್ಟ್ ಡೌನ್‌ಪೈಪ್ 4,800, ಇಂಟರ್‌ಕೂಲರ್ 9,000, ಪೈಪು ಹೋಸು ಕ್ಲಾಂಪು 8,500, ಆಯಿಲ್ ಲೈನ್ 3,800, 450 ಸಿಸಿ ಇಂಜೆಕ್ಟರ್ ನಾಲ್ಕಕ್ಕೆ 14,000 (ಒರಿಜಿನಲ್ 240 ಸಿಸಿ ಸಾಲಲ್ಲ), ಸ್ಪೀಡುಯಿನೋ ಇಸಿಯು (ಪೆಟ್ರೋಲ್, ಇಗ್ನಿಷನ್ ನೋಡ್ಕೊಳ್ಳೋ ಕಂಪ್ಯೂಟರ್) ವೈರಿಂಗ್ ಸೇರಿ 16,000, ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸೋ ವೈಡ್‌ಬ್ಯಾಂಡ್ ಸೆನ್ಸರ್ ಗೇಜ್ ಸಮೇತ 17,000. ಒಟ್ಟು 1,09,300. ನನಗೆ ಒಂಬತ್ತು ದಿನದ ಕೆಲ್ಸ. 1,45,000 ಹೇಳೋಣ ಅಂತಿದ್ದೀನಿ.

ಈ ಬೆಲೆ ಸರಿನಾ? ಡಬ್ಬಿಯಲ್ಲಿ ಪ್ಯಾಕ್ ಮಾಡಿ ಕಳಿಸ್ಲಾ, ಇಲ್ಲಿಗೇ ಕಾರ್ ತನ್ನಿ ಅನ್ಲಾ? ಮೂರು ರಾತ್ರಿಯಿಂದ ಇದೇ ಯೋಚನೆ. ನನ್ನ ಕಾರಲ್ಲಿ ಏನಾದ್ರೂ ಸಡಿಲಾದ್ರೆ ನನ್ನ ಕಿವಿಗೆ ಗೊತ್ತಾಗುತ್ತೆ. ಮಂಗಳೂರಿನವರ ಕಾರಲ್ಲಿ ಏನಾಗ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?

ಕೆಜಿಎಫ್ ಫಿಟ್ಟರ್ (ಕೋಲಾರ)

ತಮ್ಮ, ಕೆಲ್ಸ ಚೆನ್ನಾಗಿದೆ. ವೆಲ್ಡಿಂಗ್ ಫೋಟೋ ದೊಡ್ಡದು ಮಾಡಿ ನೋಡ್ದೆ, ಕೈ ಹಿಡಿತ ಇದೆ. ನಾನು ರಾಬರ್ಟ್‌ಸನ್ ಪೇಟೆ. ನಮ್ಮಪ್ಪ ಚಿನ್ನದ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ರು, 2001ರಲ್ಲಿ ಗಣಿ ಮುಚ್ಚೋ ತನಕ. ನಾನು 26 ವರ್ಷದಿಂದ ಪೈಪು, ಫ್ಲೇಂಜು ಇದೇ ಕೆಲ್ಸದಲ್ಲಿದ್ದೀನಿ.

ಒಂದು ಮ್ಯಾನಿಫೋಲ್ಡ್ ಮಾಡೋದು ಬೇರೆ, ಐದು ಮಾಡೋದು ಬೇರೆ. ನಿಂದನ್ನ ನಿನ್ನ ಕಾರಿನ ಮೇಲೇ ಇಟ್ಟು ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆದಿದ್ದೀಯ. ಎರಡನೇದು ಯಾವುದರ ಮೇಲೆ ಇಡ್ತೀಯ? ಮೊದಲು ಒಂದು ಗುಜರಿ ಸಿಲಿಂಡರ್ ಹೆಡ್ ತಗೋ. ಅದನ್ನ 20 ಎಂಎಂ ಪ್ಲೇಟ್ ಮೇಲೆ ಬಿಗಿ. ಟರ್ಬೋ ಫ್ಲೇಂಜ್ ಎಲ್ಲಿ ಕೂರ್ಬೇಕೋ ಅಲ್ಲಿಗೆ ಒಂದು ಕಂಬ ನಿಲ್ಲಿಸು. ಅದೇ ನಿನ್ನ ಜಿಗ್, ಎಲ್ಲ ಮ್ಯಾನಿಫೋಲ್ಡಿಗೂ ಒಂದೇ ಅಳತೆ ಕೊಡೋ ಅಚ್ಚು. ವೆಲ್ಡ್ ಮಾಡುವಾಗ ಫ್ಲೇಂಜ್ ಪೂರ್ತಿ ಬಿಗಿದಿರ್ಲಿ, ಪೂರ್ತಿ ತಣ್ಣಗಾದ ಮೇಲೇ ಬಿಚ್ಚು. ಬಿಸಿಯಲ್ಲಿ ಬಿಚ್ಚಿದ್ರೆ ಬಾಳೆಕಾಯಿ ಥರ ಬಾಗುತ್ತೆ. ಆಮೇಲೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸು. ನೀನು ಇದನ್ನ ಖರ್ಚಲ್ಲಿ ಬರೆದೇ ಇಲ್ಲ.

304 ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ದೀಯ ಅನ್ಸುತ್ತೆ. ಲೆಕ್ಕ ಹಾಕಿ ನೋಡು. 400 ಎಂಎಂ ಉದ್ದದ ತುಂಡು 700 ಡಿಗ್ರಿ ಕಾವೇರಿದ್ರೆ ಮೈಲ್ಡ್ ಸ್ಟೀಲ್ ಮೂರೂವರೆ ಎಂಎಂ ಹತ್ರ ಹಿಗ್ಗುತ್ತೆ, 304 ಐದು ಎಂಎಂ ಹತ್ರ. ಹೆಡ್ ಅಲ್ಯೂಮಿನಿಯಂ ಆದ್ರೂ ಅದಕ್ಕೆ ಒಳಗೆ ನೀರು ಹರೀತಿರುತ್ತೆ, ಅಷ್ಟು ಹಿಗ್ಗಲ್ಲ. ಫ್ಲೇಂಜನ್ನ ನಾಲ್ಕೂ ಪೋರ್ಟಿಗೆ ಒಂದೇ ಪಟ್ಟಿಯಾಗಿ ಬಿಟ್ರೆ ಹೆಡ್‌ಗೆ ಬಿಗಿಯೋ ಸ್ಟಡ್ ಮುರಿಯುತ್ತೆ, ಇಲ್ಲ ಪೈಪ್ ಸೇರೋ ಜಾಗದಲ್ಲಿ ಬಿರುಕು ಬಿಡುತ್ತೆ. ಪೋರ್ಟ್ ನಡುವೆ ಗರಗಸದಲ್ಲಿ ಸೀಳು. ಆಚೆ ಈಚೆ ಕೊನೆಯ ಸ್ಟಡ್ ತೂತುಗಳನ್ನ ಉದ್ದಕ್ಕೆ ಅಗಲ ಮಾಡು. ಟರ್ಬೋ ತೂಕ ಮ್ಯಾನಿಫೋಲ್ಡ್ ಒಂದರ ಮೇಲೇ ಬೀಳಬಾರದು, ಬ್ಲಾಕಿಂದ ಒಂದು ಬ್ರಾಕೆಟ್ ಕೊಡು.

ಪೈಪ್ ಒಳಗೂ ಆರ್ಗಾನ್ ಬಿಟ್ಟು ವೆಲ್ಡ್ ಮಾಡ್ತೀಯಾ? ಇಲ್ಲಾಂದ್ರೆ ಒಳಗಡೆ ಬೆಸುಗೆ ಸುಟ್ಟು, ಕಪ್ಪಗೆ ಹರಳು ಹರಳಾಗಿ ಕಟ್ಟಿರುತ್ತೆ. ಹೊರಗಿಂದ ಅದು ಕಾಣಲ್ಲ. ಒಂದು ದಿನ ಆ ಹರಳು ಎದ್ದು ಟರ್ಬೈನ್ ಬ್ಲೇಡಿಗೆ ಬಡಿಯುತ್ತೆ.

ಬೆಲೆ ವಿಚಾರ. ಶಾಫ್ಟ್ ಕೆಲ್ಸದಲ್ಲಿ ನಿನ್ನ ದಿನಕ್ಕೆ 2,500 ಆದ್ರೂ ಹುಟ್ಟುತ್ತೆ. ಒಂಬತ್ತು ದಿನಕ್ಕೆ 22,500. ಉಳಿಯೋದು 13,200. ಒಂದು ಟರ್ಬೋ ವಾಪಸ್ ಬಂದ್ರೆ ಎರಡು ಕಿಟ್‌ನ ಲಾಭ ಮುಳುಗಿ ಮೇಲೂ ಕೈಯಿಂದ ಹೋಗುತ್ತೆ. ಜಿಗ್ ಆದ್ರೆ ಒಂಬತ್ತು ದಿನ ನಾಲ್ಕಾಗುತ್ತೆ, ಆಗ ಮಾತ್ರ ಇದು ಗಿಟ್ಟುತ್ತೆ. ಜಿಗ್ ಆಗೋ ತನಕ ಯಾರ ಹತ್ರನೂ ಅಡ್ವಾನ್ಸ್ ಮುಟ್ಬೇಡ.

ಚಿಂತಾಮಣಿ ವಿಟೆಕ್ (ಚಿಕ್ಕಬಳ್ಳಾಪುರ ಜಿಲ್ಲೆ)

ಸರ್, ನಾನು ಕಿಟ್ ಕೊಂಡ ಕಡೆಯವನು. ಅದಕ್ಕೇ ಬರೀತಿದ್ದೀನಿ.

ನಂದೂ ಇದೇ ಕಾರು, 2001ರದ್ದು. ಟೊಮೆಟೊ ಮಂಡಿಯಲ್ಲಿ ದುಡಿದ ದುಡ್ಡಲ್ಲಿ ಬೇರೆ ಊರಿನ ಒಬ್ರ ಹತ್ರ ಕಿಟ್ ತರಿಸಿದ್ದೆ. ಹೆಸರು ಬೇಡ. ದೊಡ್ಡ ರಟ್ಟಿನ ಡಬ್ಬಿ ಬಂತು. ಬಿಚ್ಚಿ ಹಾಲ್‌ನಲ್ಲಿ ಹರಡಿ ಎಲ್ಲ ಜೋಡಿಸಿ ನೋಡ್ದೆ, ನನ್ನ ಹೆಂಡ್ತಿ ಫೋಟೋ ತೆಗೆದ್ಲು. ಆ ಡಬ್ಬಿಯಲ್ಲಿ ಒಂದು ಹಾಳೆ ಸೂಚನೆ ಇರ್ಲಿಲ್ಲ. ಯಾವ ಬೋಲ್ಟ್ ಎಲ್ಲಿಗೆ, ಎಷ್ಟು ಬಿಗಿ, ಏನೂ ಇಲ್ಲ. ಫೋನ್ ಮಾಡಿದ್ರೆ "ನಿಮ್ಮ ಮೆಕ್ಯಾನಿಕ್‌ಗೆ ಗೊತ್ತಿರುತ್ತೆ" ಅಂದ್ರು.

ನಮ್ಮ ಮೆಕ್ಯಾನಿಕ್ ಒಳ್ಳೆಯವರು, ಹುಷಾರಾಗಿ ಕೆಲ್ಸ ಮಾಡೋರು. ಆದ್ರೆ ಟರ್ಬೋ ಅವರಿಗೆ ಹೊಸದು. ನೀವು ಹೇಳಿದ ಅದೇ ರಿಟರ್ನ್ ಪೈಪಿಗೆ ಸಂಪ್ ಬಿಚ್ಚದೇ ಹಾಗೇ ತೂತು ಕೊರೆದು ಟ್ಯಾಪ್ ಹೊಡೆದ್ರು. ಚೂರು ಒಳಗೆ ಬೀಳದಿರ್ಲಿ ಅಂತ ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿದ್ದನ್ನ ನಾನೇ ನಿಂತು ನೋಡಿದೀನಿ. ಎರಡು ಸಲ ಆಯಿಲ್ ಹಾಕಿ ಇಳಿಸಿದ್ರು. ಅಷ್ಟಾದ್ರೂ 400 ಕಿಲೋಮೀಟರ್‌ಗೆ ಕೆಳಗಿಂದ ಟಕ್ ಟಕ್ ಶುರು ಆಯ್ತು. ಬಿಚ್ಚಿದಾಗ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರೋ ಕಡೆಯದ್ದು) ಮೇಲೆ ಉಗುರಲ್ಲಿ ಗೀರಿದ ಹಾಗೆ ಉದ್ದುದ್ದ ಗೆರೆ, ಕ್ರ್ಯಾಂಕ್ ಕೂಡ ಹೋಗಿತ್ತು. ಸಂಪ್ ತಳದಲ್ಲಿ ಬೆರಳಾಡಿಸಿದ್ರೆ ಸಣ್ಣ ಸಣ್ಣ ಕಬ್ಬಿಣದ ಚೂರು ಬೆರಳಿಗೆ ಅಂಟ್ಕೊಂಡು ಬಂತು. ಮಾರಿದವರು ಫಿಟ್ಟಿಂಗ್ ನಮ್ಮದಲ್ಲ ಅಂದ್ರು. ನಮ್ಮ ಮೆಕ್ಯಾನಿಕ್ ಅರ್ಧ ದುಡ್ಡು ಕೊಡೋಕೆ ಬಂದ್ರು, ನಾನು ತಗೊಳ್ಳಲಿಲ್ಲ. ಅವರ ತಪ್ಪು ಅಂತ ನನಗೆ ಈಗಲೂ ಅನ್ಸಲ್ಲ. ಎಂಜಿನ್ ನಮ್ಮ ಶೆಡ್‌ನಲ್ಲಿ ಟಾರ್ಪಾಲಿನ್ ಹೊದ್ಕೊಂಡು ಕೂತಿದೆ.

ಅದಕ್ಕೇ ಕೈ ಮುಗಿದು ಕೇಳ್ತೀನಿ, ಸಂಪನ್ನ ನೀವೇ ವೆಲ್ಡ್ ಮಾಡಿ, ತೊಳೆದು, ಬಾಯಿ ಮುಚ್ಚಿ ಕಿಟ್ ಜೊತೆ ಕಳ್ಸಿ. ಅವರ ಹಳೇ ಸಂಪ್ ವಾಪಸ್ ತಗೊಂಡು ಮುಂದಿನ ಕಿಟ್‌ಗೆ ಬಳಸಿ. ಕೊಳ್ಳೋ ಮನೆಯಲ್ಲಿ ಒಂದು ತೂತೂ ಕೊರೆಯೋ ಹಾಗಿರಬಾರದು. ಇನ್ನೊಂದು, ಆರ್ಡರ್ ತಗೊಳ್ಳೋ ಮುಂಚೆ ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಟೆಸ್ಟ್ (ಒಳಗಿನ ಒತ್ತಡ ಅಳೆದು ಎಂಜಿನ್ ಗಟ್ಟಿ ಇದೆಯಾ ಅಂತ ನೋಡೋದು) ಮಾಡಿದ ವಿಡಿಯೋ ಕೇಳಿ. ನಂದನ್ನ ಅವರು ಕೇಳಲೇ ಇಲ್ಲ.

ಎಸ್‌ಐಟಿ ಹಳೇ ವಿದ್ಯಾರ್ಥಿ (ಈಗ ಮಂಗಳೂರು)

ತುಮಕೂರಿನ ಎಸ್‌ಐಟಿ ಅಂದ್ರೆ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಲ್ಲಿ ನಾಲ್ಕು ವರ್ಷ ಓದಿ, ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವನು ನಾನು. ಇಸಿಯು ಟ್ಯೂನಿಂಗ್ ಮಾಡ್ತೀನಿ. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ: ಮಂಗಳೂರಿನವರ ಕಾರಲ್ಲಿ ಏನಾಗುತ್ತೆ?

ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ. ಅಲ್ಲಿ ಗಾಳಿ ಒತ್ತಡ ಸುಮಾರು 92 ಕಿಲೋಪಾಸ್ಕಲ್, ಇಲ್ಲಿ ಮಂಗಳೂರಲ್ಲಿ 101. ವೇಸ್ಟ್‌ಗೇಟ್ ಸ್ಪ್ರಿಂಗ್ ಹೊರಗಿನ ಗಾಳಿಗಿಂತ 0.45 ಬಾರ್ (45 ಕಿಲೋಪಾಸ್ಕಲ್) ಹೆಚ್ಚಾದಾಗ ತೆರೆಯುತ್ತೆ ಅಷ್ಟೇ. ಅಂದ್ರೆ ನಿಮ್ಮೂರಲ್ಲಿ ಗಾಳಿ ಹೋಗೋ ಕಡೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ 137, ಇಲ್ಲಿ 146. ಗೇಜ್ ಎರಡೂ ಕಡೆ 0.45 ಅಂತಲೇ ತೋರಿಸುತ್ತೆ, ಆದ್ರೆ ಇಲ್ಲಿ ಎಂಜಿನ್ ಒಳಗೆ ಆರೇಳು ಪರ್ಸೆಂಟ್ ಹೆಚ್ಚು ಗಾಳಿ ಹೋಗ್ತಿದೆ. ನಿಮ್ಮ ಫ್ಯೂಯಲ್ ಮ್ಯಾಪ್‌ನಲ್ಲಿ (ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಅನ್ನೋ ಇಸಿಯು ಪಟ್ಟಿ) 146ರ ಸಾಲನ್ನ ನೀವು ಯಾವತ್ತೂ ಓಡಿಸಿ ನೋಡಿಲ್ಲ, ಅಂದಾಜಿನಲ್ಲಿ ತುಂಬಿರ್ತೀರಿ. ಇಲ್ಲಿನ ಕಾರು ಪೂರ್ತಿ ಬೂಸ್ಟ್‌ನಲ್ಲಿ ಓಡೋದೇ ಆ ಸಾಲಲ್ಲಿ. ಅಲ್ಲಿ ಪೆಟ್ರೋಲ್ ಸ್ವಲ್ಪ ಕಮ್ಮಿಯಾಗಿ, ಇಗ್ನಿಷನ್ ಎರಡು ಡಿಗ್ರಿ ಮುಂದಿದ್ರೂ ಸಾಕು, ನಾಕಿಂಗ್ ಆಗಿ (ಪೆಟ್ರೋಲ್ ತಾನಾಗೇ ಸಿಡಿದು) ಪಿಸ್ಟನ್ ರಿಂಗ್ ಲ್ಯಾಂಡ್, ಅಂದ್ರೆ ರಿಂಗ್ ಕೂರೋ ಅಂಚು ಮುರಿಯುತ್ತೆ. ಚೆನ್ನೈ ಕೂಡ ಇದೇ ಕತೆ, ಸೆಕೆ ಇನ್ನೂ ಜಾಸ್ತಿ.

ಇದರ ಜೊತೆ ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್. ಆಕ್ಟೇನ್ (ನಾಕಿಂಗ್ ತಡೆಯೋ ಶಕ್ತಿ) 91ರಿಂದ 95ರ ಹತ್ರಕ್ಕೆ ಏರಿದ್ದು ಟರ್ಬೋಗೆ ಒಳ್ಳೇದೇ. ಆದ್ರೆ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅನ್ನೋ ಹಳೇ ಲೆಕ್ಕ ಈಗ 13.5ರ ಆಸುಪಾಸಿಗೆ ಇಳ್ದಿದೆ. ಗೇಜಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಸರಿಸಮ ಇದ್ರೆ 1, ಪೆಟ್ರೋಲ್ ಹೆಚ್ಚಿದ್ರೆ ಅದಕ್ಕಿಂತ ಕಮ್ಮಿ) ನೋಡಿ ಟ್ಯೂನ್ ಮಾಡಿ, ಬೂಸ್ಟ್‌ನಲ್ಲಿ 0.8. 2002ರ ಕಾರಿನ ರಬ್ಬರ್ ಫ್ಯೂಯಲ್ ಹೋಸುಗಳನ್ನ ಎಥನಾಲ್ ತಡೆಯೋ ಹೋಸಿಗೆ ಬದಲಾಯಿಸೋದೂ ಕಿಟ್‌ನ ಭಾಗ ಅಂತಲೇ ಇಟ್ಕೊಳ್ಳಿ.

ಮ್ಯಾಪ್ ತುಂಬಿದ ಇಸಿಯು ಡಬ್ಬಿಗೆ ಹಾಕಿ ಕಳಿಸಬೇಡಿ. ಬೂಸ್ಟೇ ಬರದ ಹಾಗೆ ಕಟ್ಟಿಟ್ಟ ಸ್ಟಾರ್ಟಿಂಗ್ ಮ್ಯಾಪ್ ಮಾತ್ರ ಕೊಡಿ. ಆಯಾ ಊರಲ್ಲಿ ಟ್ಯೂನ್ ಆಗ್ಲಿ.

ಸರ್ವೇಯರ್ (ಚಿಕ್ಕಬಳ್ಳಾಪುರ)

ಗಾಡಿ ಇನ್ಶೂರೆನ್ಸ್ ಸರ್ವೆ ನನ್ನ ವೃತ್ತಿ. ಯಾರೂ ಈ ಮಾತು ಎತ್ತಲಿಲ್ಲ, ಅದಕ್ಕೆ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳ ತನಕ ಜೈಲು, ಇಲ್ಲ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲ ಎರಡೂ. ದಾಬಸ್‌ಪೇಟೆಯಲ್ಲಿ ನಿಮ್ಮ ಕಾರಿಗೆ ಯಾರಾದ್ರೂ ಗುದ್ದಿದ್ರೂ ಸರ್ವೆಗೆ ಬಂದ ನಾನು ಆ ಟರ್ಬೋವನ್ನ ರಿಪೋರ್ಟಿನಲ್ಲಿ ಬರೀಲೇಬೇಕು. ಬೇರೆಯವರಿಗೆ ಪೆಟ್ಟಾಗಿದ್ರಂತೂ ಮನೆಯೇ ಮುಳುಗುತ್ತೆ.

ಚೆನ್ನೈ ಹತ್ರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಥರದ ರೇಸ್ ಟ್ರ್ಯಾಕಿಗೆ ಟ್ರೈಲರ್ ಮೇಲೆ ಸಾಗಿಸೋ ಟ್ರ್ಯಾಕ್ ಕಾರುಗಳಿಗೆ ಮಾತ್ರ ಮಾರಿ, ಅದನ್ನ ಬಿಲ್ಲಿನಲ್ಲೇ ಬರೆಯಿರಿ. ಬಿಲ್ ಅಂದ್ಮೇಲೆ ಜಿಎಸ್‌ಟಿ. ಚೆನ್ನೈಗೆ, ಅಂದ್ರೆ ಹೊರರಾಜ್ಯಕ್ಕೆ ಸಾಮಾನು ಮಾರಿದ್ರೆ ವಹಿವಾಟು ಎಷ್ಟೇ ಕಮ್ಮಿ ಇರ್ಲಿ, ನೋಂದಣಿ ಕಡ್ಡಾಯ. ಬಿಡಿಭಾಗಕ್ಕೆ ಈಗ 18 ಪರ್ಸೆಂಟ್. 1,45,000ದ ಒಳಗೇ ತೆರಿಗೆ ಸೇರಿದ್ರೆ 22,000 ಅದಕ್ಕೇ ಹೋಗುತ್ತೆ. ಗುಜರಿಯಲ್ಲಿ ಬಿಲ್ ಇಲ್ಲದೆ ಕೊಂಡ ಟರ್ಬೋಗೆ ಇನ್‌ಪುಟ್ ಕ್ರೆಡಿಟ್ಟೂ (ಕೊಳ್ಳುವಾಗ ಕಟ್ಟಿದ ತೆರಿಗೆ ಕಳೆಯೋ ಸೌಲಭ್ಯ) ಸಿಗಲ್ಲ.

ಅಂತರಸನಹಳ್ಳಿ ಲೇತ್ (ತುಮಕೂರು)

ಎರಡು ದಿನ ಉತ್ತರ ಬರೀಲಿಲ್ಲ, ಎಲ್ಲವನ್ನೂ ಎರಡೆರಡು ಸಲ ಓದಿದೆ.

ಸರ್ವೇಯರ್ ಸರ್, ನನ್ನ ಕಾರನ್ನ ನಿನ್ನೆಯಿಂದ ರೋಡಿಗೆ ಇಳಿಸಿಲ್ಲ. ಒಂದೋ ಟ್ರ್ಯಾಕ್ ಕಾರ್ ಆಗುತ್ತೆ, ಇಲ್ಲ ಒರಿಜಿನಲ್ ಎಕ್ಸಾಸ್ಟ್ ವಾಪಸ್ ಹೋಗುತ್ತೆ. ಮನೆಯಲ್ಲಿ ಮಗಳು ಸ್ಕೂಟಿ ಓಡಿಸೋ ವಯಸ್ಸಿಗೆ ಬಂದಿದ್ದಾಳೆ. "ಬೇರೆಯವರಿಗೆ ಪೆಟ್ಟಾಗಿದ್ರೆ" ಅನ್ನೋ ನಿಮ್ಮ ಮಾತು ಓದಿದ್ಮೇಲೆ ಕೀ ತಗೊಳ್ಳೋಕೆ ಕೈ ಹೋಗ್ತಿಲ್ಲ.

ಐದು ಜನಕ್ಕೂ ಫೋನ್ ಮಾಡ್ದೆ. ಚೆನ್ನೈನವರು, ತುಮಕೂರಿನ ಒಬ್ರು ಟ್ರ್ಯಾಕ್‌ಗೇ ಕಾರ್ ಇಟ್ಟಿರೋರು. ಮಿಕ್ಕ ಮೂವರಿಗೆ ಆಗಲ್ಲ ಅಂತ ಹೇಳಿದೆ. ಹಾಸನದವರು ಬೇಜಾರು ಮಾಡ್ಕೊಂಡ್ರು. ಮೊದಲ ಕಿಟ್ ನಮ್ಮೂರಿನವರಿಗೆ. ಕಾರ್ ನನ್ನ ಶೆಡ್‌ಗೇ ಬರ್ಬೇಕು, ಕಂಪ್ರೆಷನ್ ಟೆಸ್ಟ್ ನಾನೇ ಮಾಡ್ತೀನಿ, ಫಿಟ್ಟಿಂಗ್ ನಂದೇ. ಅದು ಒಂದು ಟ್ರ್ಯಾಕ್ ಸೀಸನ್ ಓಡಿ, ಮ್ಯಾನಿಫೋಲ್ಡ್ ಬಿಚ್ಚಿ ನೋಡಿ ಬಿರುಕಿಲ್ಲ ಅಂತ ಗೊತ್ತಾದ ಮೇಲೇ ಚೆನ್ನೈದು. ಅಲ್ಲಿಯ ಟ್ಯೂನಿಂಗ್‌ಗೆ ನಾನೇ ಲ್ಯಾಪ್‌ಟಾಪ್ ತಗೊಂಡು ಹೋಗ್ತೀನಿ. ಎಸ್‌ಐಟಿ ಸರ್, ಆಗ ನೀವೂ ಬರೋಕಾಗುತ್ತಾ? ನಿಮ್ಮ ದಿನದ ಲೆಕ್ಕ ಕೊಡ್ತೀನಿ. ಬೆಲೆ ತೆರಿಗೆ ಬಿಟ್ಟು 1,70,000 ಅಂದೆ, ಇಬ್ರೂ ಒಪ್ಪಿದ್ರು.

ಕೆಜಿಎಫ್ ಅಣ್ಣ, ಒಳಗೆ ಆರ್ಗಾನ್ ಬಿಟ್ಟಿರ್ಲಿಲ್ಲ. ನಿಮ್ಮ ಮಾತು ಓದಿ ಅವತ್ತೇ ರಾತ್ರಿ ಹಳೇ ಮ್ಯಾನಿಫೋಲ್ಡ್ ಒಂದನ್ನ ಉದ್ದಕ್ಕೆ ಸೀಳಿ ನೋಡ್ದೆ. ನೀವು ಹೇಳಿದ ಹಾಗೇ ಇತ್ತು, ಕಪ್ಪಗೆ ಸುಟ್ಟ ಬೆಲ್ಲದ ಥರ. ಸ್ಕ್ರೂಡ್ರೈವರ್‌ನಲ್ಲಿ ಕೆರೆದ್ರೆ ಕಡಲೆಬೇಳೆಯಷ್ಟು ದೊಡ್ಡ ತುಂಡು ಎದ್ದು ಬಂತು. ನನ್ನ ಕಾರಲ್ಲಿ ಇರೋದೂ ಇಂಥದ್ದೇ. ಅದನ್ನೂ ಬಿಚ್ಚಿ ಹೊಸದಾಗಿ ಕಟ್ತೀನಿ.

ಚಿಂತಾಮಣಿ ಸರ್, ಟಾರ್ಪಾಲಿನ್ ಕೆಳಗಿರೋ ಆ ಎಂಜಿನ್‌ನ ಹೆಡ್ ನನಗೆ ಕೊಡ್ತೀರಾ? ಜಿಗ್‌ಗೆ ಬೇಕು. ನ್ಯಾಯವಾದ ಬೆಲೆ ಕೊಡ್ತೀನಿ. ಭಾನುವಾರ ಟಾಟಾ ಏಸ್ ತಗೊಂಡು ಬರ್ತೀನಿ.

ಚಿಂತಾಮಣಿ ವಿಟೆಕ್ (ಚಿಕ್ಕಬಳ್ಳಾಪುರ ಜಿಲ್ಲೆ)

ಬನ್ನಿ ಸರ್, ಊಟಕ್ಕೆ ನಮ್ಮ ಮನೆಗೇ ಬನ್ನಿ. ಹೆಡ್‌ಗೆ ದುಡ್ಡು ಬೇಡ. ಆ ಸಂಪ್ ಕೂಡ ತಗೊಂಡು ಹೋಗಿ, ತೂತು ಎಲ್ಲಿ ಕೊರೆದಿದ್ದಾರೆ ಅಂತ ನೋಡಿ. ನಮ್ಮ ಮೆಕ್ಯಾನಿಕ್ಕನ್ನೂ ಬರೋಕೆ ಹೇಳ್ತೀನಿ, ಅವರಿಗೆ ನಿಮ್ಮ ಹತ್ರ ಕೇಳೋದು ತುಂಬಾ ಇದೆಯಂತೆ.